ಭೂತಕ್ಕೂ ನಂಬರ್ ಇದ್ದರೆ ಭಯ ಎಲ್ಲಿಂದ ಬರಬೇಕು?

ಮೇಜಿನ ಸುತ್ತ ಕೂತು ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಮೊದಲ ಸಲ ಹಾರರ್ ಆಟ ನಡೆಸಿದಾಗ ಲೈಟ್ ಎಲ್ಲ ಆಫ್ ಮಾಡಿ ಮೇಜಿನ ಮೇಲೆ ಆರು ಮೇಣದಬತ್ತಿ ಹಚ್ಚಿಟ್ಟಿದ್ದೆ. ಫೋನಿನಲ್ಲಿ ಗಾಳಿ ಊಳಿಡುವ ಸದ್ದು. ಮೂರು ಪುಟ ವರ್ಣನೆ ಬರೆದಿಟ್ಟುಕೊಂಡು ದನಿ ತಗ್ಗಿಸಿ ಓದಿದೆ. ಕೊಳೆತ ವಾಸನೆ, ಸಮಾಧಿಯೊಳಗಿಂದ ಮೇಲೆ ಬರುವ ಉದ್ದ ಬೆರಳು, ಹಳದಿ ಹಲ್ಲು, ಎಲ್ಲಾ ಇತ್ತು. ಓದಿ ಮುಗಿಸಿ ತಲೆ ಎತ್ತಿದರೆ ರೋಗ್, ಅಂದರೆ ಕಳ್ಳನ ಪಾತ್ರ, ಆಡುತ್ತಿದ್ದ ಗೆಳೆಯ ಆಕಳಿಸುತ್ತಾ, "ಘೂಲ್ ಅಲ್ವಾ? ಎಸಿ 12, ಹಿಟ್ ಪಾಯಿಂಟ್ 22. ಎಲ್ಫ್ ಮುಂದೆ ಹೋಗಲಿ, ಅವನಿಗೆ ಪ್ಯಾರಲಿಸಿಸ್ ತಾಗಲ್ಲ" ಅಂದ. (ಘೂಲ್ ಅಂದರೆ ಹೆಣ ತಿನ್ನುವ ಪಿಶಾಚಿ, ಅದು ಪರಚಿದರೆ ಮೈ ಮರಗಟ್ಟುತ್ತೆ, ಎಲ್ಫ್ ಜನಾಂಗದವರಿಗೆ ಮಾತ್ರ ಇಲ್ಲ. ಎಸಿ ಅಂದರೆ ಏಟು ತಾಗಿಸೋದು ಎಷ್ಟು ಕಷ್ಟ ಅನ್ನುವ ಅಂಕಿ, ಹಿಟ್ ಪಾಯಿಂಟ್ ಅಂದರೆ ಎಷ್ಟು ಏಟು ತಡೆಯುತ್ತೆ ಅನ್ನುವ ಲೆಕ್ಕ.) ಎಲ್ಫ್ ಮುಂದೆ ಹೋದ. ಎರಡು ರೌಂಡ್‌ನಲ್ಲಿ ಕಥೆ ಮುಗಿಯಿತು. ಆಮೇಲೆ ಕ್ಯಾರೆಕ್ಟರ್ ಶೀಟ್ ಕಾಣಿಸ್ತಿಲ್ಲ ಅಂತ ಲೈಟ್ ಹಾಕಿಸಿದರು.

ಅವನು ಹೇಳಿದ್ದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಅದೇ ನನಗೆ ಜಾಸ್ತಿ ಉರಿದದ್ದು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನೇ ನಾವು ಆಡುವುದು, ಅದರ ಐದನೇ ಆವೃತ್ತಿಯ 2014ರ ನಿಯಮಗಳಲ್ಲಿ. ಒಬ್ಬರು ಡಿಎಂ, ಅಂದರೆ ಡಂಜನ್ ಮಾಸ್ಟರ್, ಆಟ ನಡೆಸುವವರು. ಲೋಕ, ಊರು, ರಾಕ್ಷಸ, ಮಳೆ ಎಲ್ಲ ಅವರದ್ದು. ಉಳಿದವರು ತಲಾ ಒಂದು ಪಾತ್ರ ಆಡುತ್ತಾರೆ. ಆಗುತ್ತೋ ಇಲ್ಲವೋ ಅನ್ನುವಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ನಮ್ಮ ಮೇಜಿನಲ್ಲಿ ನಾಲ್ವರು: ಒಬ್ಬಳು ಕ್ಲೆರಿಕ್ (ದೇವರ ಶಕ್ತಿ ಇರುವ ಪೂಜಾರಿ), ಒಬ್ಬ ಪ್ಯಾಲಡಿನ್ (ಧರ್ಮಯೋಧ), ಒಬ್ಬ ರೋಗ್, ಒಬ್ಬಳು ವಿಝರ್ಡ್ (ಮಂತ್ರವಾದಿ). (ಮೇಲಿನ ಎಲ್ಫ್ ಆಮೇಲೆ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ. ಅವನು ಹೋದ ಮೇಲೆ ಘೂಲ್‌ಗಳಿಗೆ ಸ್ವಲ್ಪ ಮರ್ಯಾದೆ ಬಂತು.)

ಫ್ಯಾಂಟಸಿ ಆಟದಲ್ಲಿ ಹೆದರಿಸುವುದು ಯಾಕೆ ಕಷ್ಟ ಅಂದರೆ, ನಮ್ಮ ಲೋಕದಲ್ಲಿ ಸತ್ತವನು ಎದ್ದು ನಡೆದರೆ ಎದೆ ಒಡೆಯುತ್ತದೆ, ಅಲ್ಲಿ ಅದು ದಿನದ ಕೆಲಸ. ಕ್ಲೆರಿಕ್ ಕೈ ಎತ್ತಿ ದೇವರ ಹೆಸರು ಹೇಳಿದರೆ ಹೆಣಗಳು ಓಡುತ್ತವೆ. ಗಾಯ ರಾತ್ರಿ ಎಂಟು ತಾಸು ಮಲಗಿದರೆ ಮಾಯ. ಸತ್ತವರನ್ನೂ ವಾಪಸ್ ತರಬಹುದು, ಒಂದು ನಿಮಿಷದೊಳಗೆ ಆದರೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಸಾಕು. ಸಾವಿಗೇ ರೇಟ್ ಕಾರ್ಡ್ ಇರುವ ಕಡೆ ಯಾರನ್ನು ಏನಂತ ಹೆದರಿಸೋದು?

ಹಾಗಾಗಿ ಆ ಘೂಲ್ ಆದ ಮೇಲೆ ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಅವರ ಶಕ್ತಿ ಕಿತ್ತುಕೊಂಡೆ. "ಈ ಕಾಡಲ್ಲಿ ಮ್ಯಾಜಿಕ್ ನಡೆಯಲ್ಲ." "ಇಲ್ಲಿ ನಿದ್ದೆ ಮಾಡಿದರೂ ಗಾಯ ವಾಸಿಯಾಗಲ್ಲ." "ನಿನ್ನ ದೇವರಿಗೆ ಇಲ್ಲಿಂದ ಕೇಳಿಸಲ್ಲ." ಭಯ ಬರಲಿಲ್ಲ, ಮುನಿಸು ಬಂತು. ಕ್ಲೆರಿಕ್ ಆಡುವವಳು, "ಹಾಗಾದ್ರೆ ನಾನ್ಯಾಕೆ ಬಂದೆ, ಮನೇಲೇ ಇರ್ತಿದ್ದೆ" ಅಂದಳು. ಸರಿಯಾಗೇ ಹೇಳಿದಳು. ತಿಂಗಳುಗಟ್ಟಲೆ ಆಡಿ ಬೆಳೆಸಿದ ಪಾತ್ರದ ಕೈ ಕಟ್ಟಿಹಾಕಿದರೆ ಹೆದರಿಕೆ ಬರಲ್ಲ, ಡಿಎಂ ಮೇಲೆ ಸಿಟ್ಟು ಬರುತ್ತದೆ.

ಇದನ್ನು ಹಳೇ ಕಾಲದವರು ಇನ್ನೂ ಒರಟಾಗಿ ಮಾಡುತ್ತಿದ್ದರು. ಆಗಿನ ನಿಯಮಗಳಲ್ಲಿ ವೈಟ್ ಅನ್ನುವ ಹೆಣ ಒಂದು ಏಟು ಹೊಡೆದರೆ ಒಂದು ಲೆವೆಲ್ ಹೋಗುತ್ತಿತ್ತು, ರಕ್ತಪಿಶಾಚಿ ಹೊಡೆದರೆ ಎರಡು. ಗಾಯ ಆಗಿದ್ದರೆ ವಾಸಿಯಾಗುತ್ತಿತ್ತು, ಇದು ಗಳಿಸಿದ ಲೆವೆಲ್ಲೇ ಹೋಗೋದು. ಡ್ರ್ಯಾಗನ್ ಮೇಲೆ ಹಾರಿ ಬೀಳುವ ವೀರರು ಒಂದು ವೈಟ್ ಕಂಡರೆ ಬಾಗಿಲು ಹಾಕಿಕೊಂಡು ಓಡುವಷ್ಟು ಹೆದರಿಕೆ ಅದು. ಅದು ಕೆಲಸ ಮಾಡುತ್ತಿತ್ತು ಅನ್ನೋದನ್ನ ಒಪ್ಪುತ್ತೇನೆ. ಆದರೆ ಆ ಭಯ ಪಾತ್ರದ್ದಲ್ಲ, ಆಟಗಾರನದ್ದು, ಅದೂ ಬ್ಯಾಂಕಿನಲ್ಲಿಟ್ಟ ದುಡ್ಡು ಹೋದರೆ ಆಗುವಂಥದ್ದು. ನನಗೆ ಬೇಕಾದದ್ದು ಆ ಥರದ್ದಲ್ಲ.

ನಾವು ಆಡುವ ನಿಯಮಗಳಲ್ಲಿ ಆ ಹಳೇ ಹೆದರಿಕೆಗೆ ಹತ್ತಿರ ಬರುವುದು ಶ್ಯಾಡೋ, ನೆರಳಿನಂಥ ಪಿಶಾಚಿ. ನೋಡಲು ಪುಟ್ಟ ಶತ್ರು, ಪುಸ್ತಕದ ಲೆಕ್ಕದಲ್ಲಿ ಚಾಲೆಂಜ್ ರೇಟಿಂಗ್, ಅಂದರೆ ಎಷ್ಟು ಅಪಾಯ ಅನ್ನುವ ಅಳತೆ, ಬರೀ ಅರ್ಧ. ಆದರೆ ಅದು ಮುಟ್ಟಿದಾಗಲೆಲ್ಲ ಸ್ಟ್ರೆಂತ್ ಅಂಕಿಯಿಂದ ಒಂದರಿಂದ ನಾಲ್ಕು ಕಳೆಯುತ್ತದೆ. ಸೊನ್ನೆಯಾದರೆ ಸಾವು. ಸತ್ತವರು ದುಷ್ಟರಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಅವರ ನೆರಳು ಹೊಸ ಶ್ಯಾಡೋ ಆಗಿ ಏಳುತ್ತದೆ. ನಮ್ಮ ವಿಝರ್ಡ್‌ನ ಸ್ಟ್ರೆಂತ್ 8. ದಾಳ ಕೈಕೊಟ್ಟರೆ ಎರಡೇ ಏಟು. ಹಿಟ್ ಪಾಯಿಂಟ್ ತುಂಬಾ ಇದ್ದೂ ತಾನು ಸಾಯುತ್ತಿದ್ದೇನೆ ಅಂತ ಅವಳಿಗೆ ಗೊತ್ತಾದ ಕ್ಷಣ ಅವಳ ಮುಖ ನೋಡಬೇಕಿತ್ತು. ಇಲ್ಲಿ ನಾನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಅದು ಪುಸ್ತಕದಲ್ಲೇ ಇತ್ತು, ಅವಳು ಬೇರೆ ಅಂಕಿ ನೋಡುತ್ತಾ ಕೂತಿದ್ದಳು, ಅಷ್ಟೇ. ನನ್ನ ಯೋಚನೆ ಸ್ವಲ್ಪ ತಿರುಗಿದ್ದು ಅಲ್ಲಿಂದ.

ಪೂರ್ತಿ ತಿರುಗಿದ್ದು ಬಾವಿಯ ಹತ್ತಿರ. ಅದಕ್ಕೆ ಮುಂಚೆ ನಾನು ಮಾಡಿದ ಇನ್ನೊಂದು ಎಡವಟ್ಟು ಹೇಳಬೇಕು, ಅದಿಲ್ಲದೆ ಬಾವಿ ಅರ್ಥ ಆಗಲ್ಲ.

ಒಂದು ಸೆಷನ್‌ನಲ್ಲಿ ನೆಲಮಾಳಿಗೆಗೆ ನೀರು ನುಗ್ಗುವ ದೃಶ್ಯ ಇಟ್ಟಿದ್ದೆ. ಮೊಣಕಾಲು, ಸೊಂಟ, ಕುತ್ತಿಗೆ, ಹೀಗೆ ನೀರು ಏರುವುದನ್ನು ನಿಧಾನಕ್ಕೆ ಹೇಳುತ್ತಾ ಹೋದೆ. ವಿಝರ್ಡ್ ಆಡುವವಳು ಮಾತು ನಿಲ್ಲಿಸಿದಳು. ದಾಳ ಹಾಕು ಅಂದಾಗ ಹಾಕಿದಳು, ಅಷ್ಟೇ. ನಾನು ಒಳಗೊಳಗೇ ಖುಷಿಪಟ್ಟೆ, ಆಹಾ, ಇವತ್ತು ಹಿಡಿದುಬಿಟ್ಟೆ ಅಂತ. ಎರಡು ದಿನ ಬಿಟ್ಟು ಫೋನ್ ಮಾಡಿ, ನೀರಿನಲ್ಲಿ ಉಸಿರು ಕಟ್ಟುವುದು ಅವಳಿಗೆ ಆಟವಲ್ಲ ಅಂತ ಹೇಳಿದಳು. ಕಾರಣ ಇಲ್ಲಿ ಬರೆಯುವುದಿಲ್ಲ. ನನಗೆ ಇವತ್ತಿಗೂ ನಾಚಿಕೆಯಾಗುವುದು ಏನಂದರೆ, ಅವಳ ಮೌನವನ್ನು ನಾನು ಚಪ್ಪಾಳೆ ಅಂತ ಲೆಕ್ಕ ಹಾಕಿದ್ದೆ.

ಇದಕ್ಕೆ ಈ ಆಟದವರು ಆಗಲೇ ದಾರಿ ಕಂಡುಕೊಂಡಿದ್ದಾರೆ. ಜಾನ್ ಸ್ಟಾವ್ರೊಪೌಲಸ್ ರೂಪಿಸಿದ ಎಕ್ಸ್ ಕಾರ್ಡ್ ಇದೆ. ಮೇಜಿನ ಮಧ್ಯೆ ಎಕ್ಸ್ ಬರೆದ ಕಾರ್ಡ್, ಯಾರು ಮುಟ್ಟಿದರೂ ಆ ವಿಷಯ ಅಲ್ಲಿಗೇ ಬಿಡಬೇಕು, ಯಾಕೆ ಅಂತ ಕೇಳುವಂತಿಲ್ಲ. ಲೈನ್ಸ್ ಅಂಡ್ ವೇಲ್ಸ್ ಅಂತ ಇನ್ನೊಂದಿದೆ. ಯಾವುದು ಆಟದಲ್ಲಿ ಬರಲೇಬಾರದು, ಯಾವುದು ಬಂದರೂ ತೆರೆಯ ಹಿಂದೆ ಆಗಬೇಕು ಅಂತ ಮೊದಲೇ ಮಾತಾಡಿಕೊಳ್ಳುವುದು. ಇದೆಲ್ಲ ಹಾರರ್‌ನ ಮೊನಚು ಕಮ್ಮಿ ಮಾಡುತ್ತೆ ಅನ್ನುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮುಂದಿನ ಕಥೆಗೆ ಬಾವಿ ಬೇಕಿತ್ತು. ಅವಳು ನೀರು ಬೇಡ ಅಂದಿದ್ದಳು. ಹಾಗಾಗಿ ಬಾವಿ ಬತ್ತಿಹೋಯಿತು. ಬತ್ತಿದ ಬಾವಿ ಎಷ್ಟು ಕೆಟ್ಟದಾಗಿರಬಹುದು ಅಂತ ನನಗೆ ಗೊತ್ತಿರಲಿಲ್ಲ.

ಊರ ಹೊರಗೆ ಒಂದು ಬತ್ತಿದ ಬಾವಿ. ಅದರ ಕಟ್ಟೆಗೆ ಒರಗಿಕೊಂಡು ಒಬ್ಬ ಕುರುಬನ ಹೆಣ. ಮೈಮೇಲೆ ಗಾಯ ಇಲ್ಲ. ಅಂಗೈ ಚರ್ಮ ಮಾತ್ರ ಹಗ್ಗಕ್ಕೆ ಉಜ್ಜಿ ಉಜ್ಜಿ ಕಿತ್ತುಹೋಗಿದೆ. ರೋಗ್ ಹಗ್ಗ ಇಳಿಬಿಟ್ಟ. 50 ಅಡಿ ಹಗ್ಗ ಮುಗಿಯಿತು, ತಳ ಸಿಗಲಿಲ್ಲ. ವಿಝರ್ಡ್ ಬಗ್ಗಿ ನೋಡಿದಳು. ಅವಳ ಪಾತ್ರಕ್ಕೆ ಡಾರ್ಕ್‌ವಿಷನ್ ಇದೆ, ಕತ್ತಲಲ್ಲಿ 60 ಅಡಿವರೆಗೆ ಕಾಣುತ್ತೆ, ಆದರೆ ಬಣ್ಣ ಕಾಣಲ್ಲ, ಎಲ್ಲ ಬೂದು. ಬಹಳ ಜನ ಡಿಎಂಗಳು ಇದನ್ನು ಮರೆಯುತ್ತಾರೆ. "ಗೋಡೆ ಮೇಲೆ ಏನೋ ಒದ್ದೆಯಾಗಿ ಇಳಿದಿದೆ" ಅಂದೆ. "ರಕ್ತಾನಾ?" "ಬೂದು ಬಣ್ಣ." ಕೆಂಪೋ ಅಲ್ಲವೋ ಗೊತ್ತಾಗಬೇಕಾದರೆ ಪಂಜು ಹಚ್ಚಬೇಕು, ಪಂಜು ಹಚ್ಚಿದರೆ ಕೆಳಗಿನಿಂದ ಯಾರಿಗೆ ಬೇಕಾದರೂ ಇವರು ಕಾಣುತ್ತಾರೆ. ಪಂಜು ಹಚ್ಚಬೇಕೋ ಬೇಡವೋ ಅಂತ ಹತ್ತು ನಿಮಿಷ ಜಗಳ ಆಡಿದರು. ನಾನು ಸುಮ್ನೆ ಕೂತಿದ್ದೆ.

ಕೊನೆಗೆ ಪ್ಯಾಲಡಿನ್, "ಡಿವೈನ್ ಸೆನ್ಸ್ ಬಳಸ್ತೀನಿ" ಅಂದ. ಅನ್‌ಡೆಡ್, ಅಂದರೆ ಸತ್ತೂ ಎದ್ದು ಓಡಾಡುವವು, ನರಕದವು, ದೇವಲೋಕದವು, ಇವು 60 ಅಡಿಯೊಳಗೆ ಮರೆಯಿಲ್ಲದೆ ಇದ್ದರೆ ಅವನಿಗೆ ತಿಳಿಯುತ್ತದೆ. ಮೊದಲಾಗಿದ್ದರೆ "ನಿನ್ನ ಶಕ್ತಿ ಇಲ್ಲಿ ಮಂಕಾಗಿದೆ" ಅಂತೇನೋ ಹೇಳಿರುತ್ತಿದ್ದೆ. ಈ ಸಲ, "ಚೆನ್ನಾಗಿ ಕೆಲಸ ಮಾಡ್ತು. ಏನೂ ಇಲ್ಲ" ಅಂದೆ.

"ಏನೂ ಇಲ್ಲ ಅಂದ್ರೆ?"

"ಅನ್‌ಡೆಡ್ ಇಲ್ಲ. ನರಕದ್ದೂ ಇಲ್ಲ."

ಅವನು ಸಮಾಧಾನದಿಂದ ಹಿಂದೆ ಒರಗುತ್ತಾನೆ ಅಂದುಕೊಂಡಿದ್ದೆ. ಅವನು ಮುಂದಕ್ಕೆ ಬಗ್ಗಿ, "ಹಾಗಾದ್ರೆ ಏನೋ ಅದು?" ಅಂದ.

ಆಮೇಲೆ ಕ್ಲೆರಿಕ್ ಸರದಿ. ಐದನೇ ಲೆವೆಲ್‌ಗೆ ಬಂದಾಗಿನಿಂದ ಸ್ಪೀಕ್ ವಿತ್ ಡೆಡ್ ಅನ್ನುವ ಸ್ಪೆಲ್ ಅವಳ ಕೈಯಲ್ಲಿದೆ. ಸತ್ತವನಿಗೆ ಐದು ಪ್ರಶ್ನೆ ಕೇಳಬಹುದು. ಹಾರರ್ ನಡೆಸುವವರು ಈ ಸ್ಪೆಲ್ ಕಂಡರೆ ಬೈಯುತ್ತಾರೆ, ಗುಟ್ಟೆಲ್ಲ ಹೆಣವೇ ಹೇಳಿಬಿಡುತ್ತಲ್ಲ ಅಂತ. ಅವಳು ದಾಳ ಬದಿಗಿಟ್ಟು ನೇರ ನನ್ನ ಮುಖ ನೋಡಿ ಕೇಳಿದಳು.

"ನಿನ್ನನ್ನ ಯಾರು ಸಾಯಿಸಿದ್ದು?"

"ಹೆಂಡತಿ ಕರೆದಳು."

"ನಿನ್ನ ಹೆಂಡತಿ ಎಲ್ಲಿದ್ದಾಳೆ?"

"ಮಣ್ಣು ಮಾಡಿ ಮೂರು ವರ್ಷ ಆಯ್ತು."

ರೋಗ್ ಏನೋ ಜೋಕ್ ಮಾಡಿದ, ಎಲ್ಲರೂ ನಕ್ಕರು. ನಗಲಿ. ನಗಬೇಡಿ ಅಂತ ಗದರಿಸುವ ಡಿಎಂಗಳನ್ನು ನೋಡಿದ್ದೇನೆ. ನಗು ಬರುವುದೇ ಅವರು ಒಳಗೆ ಬಿಗಿಯಾಗಿದ್ದಾರೆ ಅನ್ನುವುದಕ್ಕೆ, ಅದು ತಾನಾಗೇ ನಿಲ್ಲುವವರೆಗೆ ಕಾದರೆ ಸಾಕು.

"ಬಾವಿಯಲ್ಲಿ ಏನಿದೆ?"

"ದನಿ."

ನಾಲ್ಕನೆಯದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡಳು. "ಅದು ಈಗ ಏನು ಮಾಡ್ತಿದೆ?"

"ಎಣಿಸ್ತಿದೆ. ನಾಲ್ಕು ಜನ."

ಇಷ್ಟು ಹೇಳಿ ಸುಮ್ಮನಾದೆ. ಆಗ ರೋಗ್, ಅದೇ ಘೂಲ್ ಲೆಕ್ಕ ಹೇಳಿದವನು, ಫೋನ್ ತೆಗೆದು ನಿಯಮ ಹುಡುಕಿದ. "ಒಂದು ನಿಮಿಷ, ಇದು ತಪ್ಪು. ಹೆಣಕ್ಕೆ ಬದುಕಿದ್ದಾಗ ಗೊತ್ತಿದ್ದದ್ದು ಮಾತ್ರ ಗೊತ್ತಿರುತ್ತೆ. ಸತ್ತ ಮೇಲೆ ನಡೆದದ್ದು ಏನೂ ಗೊತ್ತಾಗಲ್ಲ. ನಾವು ಬಂದಿದ್ದು ಅವನು ಸತ್ತ ಮೇಲೆ. ನಾಲ್ಕು ಜನ ಅಂತ ಅವನು ಹೇಳೋಕೆ ಆಗಲ್ಲ."

"ಹೌದು," ಅಂದೆ. "ನಿಯಮ ಹಾಗೇ ಇದೆ."

"ಮತ್ತೆ ಹೇಗೆ ಹೇಳಿದ?"

ನಾನು ಉತ್ತರ ಕೊಡಲಿಲ್ಲ. ಅವನು ಫೋನ್ ನೋಡಿದ, ನನ್ನ ನೋಡಿದ, ಮತ್ತೆ ಫೋನ್ ನೋಡಿದ. ಕ್ಲೆರಿಕ್ ತುಂಬಾ ಮೆಲ್ಲಗೆ, "ನಾನು ಮಾತಾಡಿದ್ದು ಹೆಣದ ಹತ್ರ ಅಲ್ಲ" ಅಂದಳು. ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು. ಆಟದಲ್ಲಿ ಅಲ್ಲ, ನಿಜವಾಗಿ. ಟ್ಯೂಬ್‌ಲೈಟ್ ಫುಲ್ ಉರಿಯುತ್ತಿತ್ತು, ಮೇಣದಬತ್ತಿ ಇಲ್ಲ, ಗಾಳಿ ಸದ್ದು ಇಲ್ಲ.

ನಿಜ ಹೇಳಬೇಕೆಂದರೆ ನನ್ನ ನೋಟ್‌ಬುಕ್‌ನಲ್ಲಿ ಇದ್ದದ್ದು "ಬಾವಿ, ದನಿ ಕದಿಯುತ್ತೆ, ಜನ ಎಣಿಸುತ್ತೆ" ಅನ್ನುವ ಒಂದೇ ಸಾಲು. ಉಳಿದದ್ದನ್ನು ಕಟ್ಟಿದವನು ರೋಗ್, ಅವನ ಬಾಯಿಪಾಠದಿಂದಲೇ. ನಿಯಮ ಗೊತ್ತಿಲ್ಲದ ಮೇಜಿನಲ್ಲಿ ಹೆಣ ಏನು ಹೇಳಿದ್ದರೂ "ಓ, ಮ್ಯಾಜಿಕ್" ಅಂತ ಮುಂದೆ ಹೋಗುತ್ತಿದ್ದರು. ಪುಸ್ತಕ ಅರೆದು ಕುಡಿದವರಿಂದ ಹಾರರ್ ಹಾಳಾಗುತ್ತೆ ಅಂತ ವರ್ಷಗಟ್ಟಲೆ ಗೊಣಗಿದ್ದೆ. ಈಗ ಮೇಜಿನಲ್ಲಿ ಅಂಥವರು ಒಬ್ಬರಾದರೂ ಬೇಕು ಅನ್ನುತ್ತೇನೆ. ಅವರು ನೆಲ ಗಟ್ಟಿ ಇದೆ ಅಂತ ನಂಬಿ ಕಾಲಿಡುತ್ತಾರೆ. ಆ ನೆಲವನ್ನು ನಾನೂ ಗಟ್ಟಿಯಾಗಿಯೇ ಇಡಬೇಕು, ಪ್ರತಿ ಸೆಷನ್, ಬೋರ್ ಆಗುವಷ್ಟು ನಿಯತ್ತಾಗಿ, ಆಗ ಮಾತ್ರ ಒಂದು ಕಡೆ ಟೊಳ್ಳು ಸದ್ದು ಬಂದರೆ ಅವರಿಗೆ ಕೇಳಿಸುತ್ತೆ. ದಿನಾ ನಿಯಮ ಮುರಿಯುವ ಡಿಎಂ ಮುಂದೆ ಯಾರೂ ಫೋನ್ ತೆಗೆದು ಹುಡುಕಲ್ಲ, "ಇವನದ್ದು ಇದ್ದಿದ್ದೇ" ಅಂತ ಸುಮ್ಮನಾಗುತ್ತಾರೆ.

ಇದರಲ್ಲಿ ಒಂದು ಷರತ್ತು ಇದೆ. ಹೊಂದದ ಉತ್ತರಕ್ಕೆ ಹಿಂದೆ ನಿಜವಾದ ಕಾರಣ ಇರಬೇಕು, ನನಗಾದರೂ ಅದು ಗೊತ್ತಿರಬೇಕು. ಸುಮ್ನೆ ವಿಚಿತ್ರ ಮಾತು ಎಸೆಯುತ್ತಾ ಹೋದರೆ ಮೂರನೇ ಸೆಷನ್ ಹೊತ್ತಿಗೆ ಸಿಕ್ಕಿಬೀಳುತ್ತೀರಿ. ಆ ರಾತ್ರಿಯೇ ಮನೆಗೆ ಬಂದು ಕೂತು ಒಂದು ಸಾಲನ್ನು ಎರಡು ಪುಟ ಮಾಡಿದೆ. ಬಾವಿಯಲ್ಲಿ ಇದ್ದದ್ದು ಏನು ಅಂತ ಈಗ ನನಗೆ ಗೊತ್ತು. ಇಲ್ಲಿ ಬರೆಯಲ್ಲ, ಆ ನಾಲ್ವರೂ ಇದನ್ನು ಓದುತ್ತಾರೆ.

ಇನ್ನೊಂದು ಮಾತು. "ನಿನಗೆ ಭಯ ಆಗ್ತಿದೆ" ಅಂತ ಆಟಗಾರರಿಗೆ ಯಾವತ್ತೂ ಹೇಳಬೇಡಿ. ನಿಯಮದಲ್ಲಿ ಫ್ರೈಟನ್ಡ್ ಅಂತ ಒಂದು ಸ್ಥಿತಿ ಇದೆ. ಹೆದರಿಸಿದ್ದು ಕಣ್ಣಿಗೆ ಕಾಣುವವರೆಗೆ ಎರಡು ದಾಳ ಹಾಕಿ ಕಮ್ಮಿ ಬಿದ್ದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ತಾನಾಗಿ ಅದರ ಹತ್ತಿರ ಹೋಗುವಂತಿಲ್ಲ. ಯುದ್ಧದಲ್ಲಿ ಅದು ಸರಿ, ಅದರಿಂದ ಯಾರಿಗೂ ಭಯ ಆಗಿದ್ದು ನಾನು ಕಂಡಿಲ್ಲ. 1981ರ ಕಾಲ್ ಆಫ್ ಕ್ತುಲು ಆಟದಲ್ಲಿ ಬುದ್ಧಿಸ್ಥಿಮಿತಕ್ಕೇ ಒಂದು ಅಂಕಿ ಇದೆ, ನೋಡಬಾರದ್ದನ್ನು ನೋಡಿದಷ್ಟೂ ಅದು ಇಳಿಯುತ್ತೆ. ಅಲ್ಲಿ ಅದು ಚೆನ್ನಾಗಿ ಹೊಂದುತ್ತದೆ, ಯಾಕಂದ್ರೆ ಅಲ್ಲಿ ಆಡುವವರು ಪ್ರೊಫೆಸರ್, ಪತ್ರಕರ್ತ, ಹೀಗೆ ಮಾಮೂಲಿ ಜನ. ಅದನ್ನೇ ಎತ್ತಿಕೊಂಡು ಬಂದು ದಿನಾ ಹೆಣಗಳ ಜೊತೆ ಗುದ್ದಾಡುವ ಪ್ಯಾಲಡಿನ್‌ಗೆ ಅಂಟಿಸಿ ನೋಡಿದೆ. ಅವನಿಗೆ ಅದು ಇನ್ನೊಂದು ಹಿಟ್ ಪಾಯಿಂಟ್ ಆಯಿತು.

ಫ್ಯಾಂಟಸಿಯೊಳಗೇ ಕಲಿಯಬೇಕು ಅಂದರೆ ಟ್ರೇಸಿ ಮತ್ತು ಲಾರಾ ಹಿಕ್ಮನ್ 1983ರಲ್ಲಿ ಬರೆದ ರೇವನ್‌ಲಾಫ್ಟ್ ನೋಡಿ. ಅದರ ಕೌಂಟ್ ಸ್ಟ್ರಾಡ್ ಕೊನೇ ಬಾಗಿಲ ಹಿಂದೆ ಕಾಯುತ್ತಾ ಕೂರಲ್ಲ. ಕಥೆಯ ಮಧ್ಯೆಯೇ ಬರುತ್ತಾನೆ, ಹೋಗುತ್ತಾನೆ. ಅವನು ಕೋಟೆಯಲ್ಲಿ ಎಲ್ಲಿರುತ್ತಾನೆ, ಅವನಿಗೆ ಏನು ಬೇಕು, ಅವನ ವಿರುದ್ಧ ಬೇಕಾದ ವಸ್ತುಗಳು ಎಲ್ಲಿವೆ, ಇದೆಲ್ಲ ಆಟದಲ್ಲಿ ಕಣಿ ಹೇಳುವವಳು ತೆಗೆಯುವ ಕಾರ್ಡ್‌ಗಳ ಮೇಲೆ ನಿಂತಿದೆ. ಕಣಿ ನಿಜವಾಗುತ್ತೆ ಅಂತ ಆಟಗಾರರಿಗೆ ಗೊತ್ತು, ಆದರೂ ಹೋಗಲೇಬೇಕು. ಸುಳ್ಳು ಹೇಳದೆಯೇ ಹೆದರಿಸುವ ಕೆಲಸವನ್ನು ಅವರಿಬ್ಬರು ಅಷ್ಟು ಹಿಂದೆಯೇ ಮಾಡಿಟ್ಟಿದ್ದಾರೆ. ನಾನು ಮೇಣದಬತ್ತಿ ಹುಡುಕುತ್ತಿದ್ದೆ.

ನಮ್ಮವರು ಬಾವಿಗೆ ಇಳಿಯಲಿಲ್ಲ. ಐದನೇ ಪ್ರಶ್ನೆಯನ್ನೂ ಕೇಳಲಿಲ್ಲ. ಸ್ಪೆಲ್‌ನ ಹತ್ತು ನಿಮಿಷ ಮುಗಿಯುವವರೆಗೆ ಯಾರೂ ಪರಸ್ಪರ ಹೆಸರು ಹಿಡಿದು ಕರೆಯಬಾರದು ಅಂತ ತಾವೇ ಒಪ್ಪಂದ ಮಾಡಿಕೊಂಡರು. ನಾನು ಅಂಥದ್ದೇನೂ ಹೇಳಿರಲಿಲ್ಲ, ಆದರೆ ಐಡಿಯಾ ಚೆನ್ನಾಗಿತ್ತು, ಬರೆದಿಟ್ಟುಕೊಂಡೆ. ಆಮೇಲೆ ನಾಲ್ವರೂ ಸೇರಿ ಒಂದು ಕಲ್ಲುಚಪ್ಪಡಿ ಎಳೆದು ಬಾವಿಯ ಬಾಯಿ ಮುಚ್ಚಿ ಹೊರಟರು.

ಅದಾಗಿ ಎರಡು ಸೆಷನ್ ಬೇರೆ ಏನೇನೋ. ದರೋಡೆಕೋರರು, ಒಂದು ಸೇತುವೆ, ಕುದುರೆ ವ್ಯಾಪಾರ. ಮೂರನೇ ಸೆಷನ್‌ನಲ್ಲಿ ಮುಂದಿನ ಊರು ತಲುಪಿದರು. ಅಲ್ಲಿ ಒಬ್ಬ ಗಂಟೆ ಬಾರಿಸುವವನು ಸತ್ತಿದ್ದ, ಮಾಮೂಲಿ ಕೊಲೆ ಪ್ರಕರಣದ ಥರ. ಕ್ಲೆರಿಕ್ ಸ್ಪೀಕ್ ವಿತ್ ಡೆಡ್ ಹಾಕಿದಳು.

"ಸ್ಪೆಲ್ ಹತ್ತಲಿಲ್ಲ," ಅಂದೆ. "ಇವತ್ತಿನ ಸ್ಪೆಲ್ ಲೆಕ್ಕದಲ್ಲಿ ಒಂದು ಸ್ಲಾಟ್ ಖರ್ಚಾಯ್ತು."

"ಯಾಕೆ?"

ನಾನು ಭುಜ ಹಾರಿಸಿದೆ. ರೋಗ್ ಆಗಲೇ ಫೋನ್ ತೆಗೆದಿದ್ದ. ಜೋರಾಗಿ ಓದಿದ. ಹೆಣಕ್ಕೆ ಬಾಯಿ ಇರಬೇಕು. ಇದೆ. ಅದು ಅನ್‌ಡೆಡ್ ಆಗಿರಬಾರದು. ಪ್ಯಾಲಡಿನ್ ಪರೀಕ್ಷಿಸಿದ, ಅಲ್ಲ. ಮೂರನೆಯದು ಓದುತ್ತಾ ಅವನ ದನಿ ಇಳಿಯಿತು. ಕಳೆದ ಹತ್ತು ದಿನದಲ್ಲಿ ಇದೇ ಹೆಣದ ಮೇಲೆ ಇದೇ ಸ್ಪೆಲ್ ಬಿದ್ದಿದ್ದರೆ ಮತ್ತೆ ಹತ್ತುವುದಿಲ್ಲ.

"ಯಾರೋ ನಮಗಿಂತ ಮುಂಚೆ ಬಂದು ಇವನನ್ನ ಕೇಳಿಕೊಂಡು ಹೋಗಿದ್ದಾರೆ" ಅಂದಳು ವಿಝರ್ಡ್.

"ನಾವು ಬಾವಿ ಮುಚ್ಚಿ ಎಷ್ಟು ದಿನ ಆಯ್ತು?"

ಪ್ರಯಾಣದ ಲೆಕ್ಕ ಇಡುವವನು ಪ್ಯಾಲಡಿನ್. ಅವನು ತನ್ನ ಶೀಟಿನ ಹಿಂಬದಿ ತಿರುಗಿಸಿ ಗೀಟುಗಳ ಮೇಲೆ ಬೆರಳಿಟ್ಟು ಎಣಿಸಿದ. ಎರಡು ಸಲ ಎಣಿಸಿದ.

"ಒಂಬತ್ತು."

ಹೊತ್ತಾಗಿತ್ತು. ನಾನು ದಾಳ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ. ಯಾರೂ ಏಳಲಿಲ್ಲ.